‘ಕೋಡೆಕ್ ಇಲ್ಲ’ ಎಂದ ಕೂಡಲೇ ಡೌನ್‌ಲೋಡ್ ಒತ್ತಬೇಡಿ

ಇಳಿಸಿಕೊಂಡ ವಿಡಿಯೊ ತೆರೆದರೆ ಚಿತ್ರ ಬರುವುದಿಲ್ಲ. ‘ಈ ಫೈಲ್ ನೋಡಲು ವಿಶೇಷ ಕೋಡೆಕ್ ಬೇಕು, ಇಲ್ಲಿ ಒತ್ತಿ’ ಎಂಬ ಸಂದೇಶ ಬರುತ್ತದೆ. ಕೆಲವೊಮ್ಮೆ ಕೋಡೆಕ್ ಬದಲು ಕೇಳರಿಯದ ಯಾವುದೋ ಪ್ಲೇಯರ್‌ನ ಹೆಸರಿರುತ್ತದೆ. ಒತ್ತಿ, ಇನ್‌ಸ್ಟಾಲ್ ಮಾಡಿ ಮುಗಿಸಿದರೂ ವಿಡಿಯೊ ಓಡುವುದಿಲ್ಲ. ಮರುದಿನ ಬ್ರೌಸರಿನ ಮುಖಪುಟ ಬದಲಾಗಿರುತ್ತದೆ, ಹುಡುಕಿದ್ದೆಲ್ಲ ಗೊತ್ತಿಲ್ಲದ ತಾಣಕ್ಕೆ ಹೋಗುತ್ತದೆ, ಪರದೆಯ ಮೂಲೆಯಲ್ಲಿ ಜಾಹೀರಾತು ಏಳುತ್ತದೆ. ಇದಕ್ಕೆ ಸಿಕ್ಕಿಕೊಂಡ ಕಂಪ್ಯೂಟರುಗಳಲ್ಲಿ ಕಾಣುವುದು ಹೆಚ್ಚುಕಡಿಮೆ ಇಷ್ಟೇ. ಕಣ್ಣಿಗೆ ಕಾಣದೆ ನಡೆಯುವುದು ಇನ್ನೂ ಕೆಟ್ಟದ್ದು: ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕದ್ದು ಕಳಿಸುವ ಪ್ರೋಗ್ರಾಂ ಕೂಡ ಇದೇ ದಾರಿಯಲ್ಲಿ ಒಳಬರುತ್ತದೆ.

ಸಂದೇಶವನ್ನು ಜನ ನಂಬುವುದಕ್ಕೆ ಕಾರಣವಿದೆ. ಎಂಪಿ4, ಎಂಕೆವಿ, ಎವಿಐ ಎಂಬವು ಬರೀ ಡಬ್ಬಿಗಳು. ಒಳಗಿನ ಚಿತ್ರ ಎಚ್.264, ಎಚ್‌ಇವಿಸಿ ಅಥವಾ ಎವಿ1 ರೂಪದಲ್ಲಿರಬಹುದು, ಧ್ವನಿ ಎಎಸಿ, ಎಂಪಿ3 ಅಥವಾ ಒಪಸ್ ಆಗಿರಬಹುದು. ಅದನ್ನು ಬಿಡಿಸಿ ತೋರಿಸುವುದು ಕೋಡೆಕ್‌ನ ಕೆಲಸ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಡಿವ್‌ಎಕ್ಸ್, ಎಕ್ಸ್‌ವಿಡ್‌ಗಳನ್ನು ನಿಜಕ್ಕೂ ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಆ ಅಭ್ಯಾಸ ಹಾಗೇ ಉಳಿದುಬಿಟ್ಟಿದೆ. ಈಗ ವಿಎಲ್‌ಸಿ, ಎಂಪಿವಿ, ಎಂಪಿಸಿ-ಎಚ್‌ಸಿ ಇಂಥ ಪ್ಲೇಯರ್‌ಗಳು ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶ ಯೋಜನೆಯ ಡಿಕೋಡರ್‌ಗಳನ್ನು, ಅಂದರೆ ಬಿಡಿಸಿ ತೋರಿಸುವ ಭಾಗಗಳನ್ನು, ತಮ್ಮೊಳಗೇ ಇಟ್ಟುಕೊಂಡು ಬರುತ್ತವೆ.

ಹಾಗಾಗಿ ವಿಎಲ್‌ಸಿಯ ಹೊಸ ಆವೃತ್ತಿಯಲ್ಲೂ ಒಂದು ವಿಡಿಯೊ ತೆರೆಯದಿದ್ದರೆ ಸಾಮಾನ್ಯವಾಗಿ ಅದು ಅರ್ಧ ಇಳಿದಿದೆ, ಇಲ್ಲವೇ ಕೆಟ್ಟಿದೆ, ಇಲ್ಲವೇ ನಕಲು ತಡೆಯುವ ಡಿಆರ್‌ಎಂ ಬೀಗ ಹಾಕಿದೆ, ಇಲ್ಲವೇ ಅದು ವಿಡಿಯೊವೇ ಅಲ್ಲ. ಈ ನಾಲ್ಕರಲ್ಲಿ ಯಾವುದಕ್ಕೂ ಕೋಡೆಕ್ ಮದ್ದಲ್ಲ.

ಒಂದು ಅಪವಾದ ಹೇಳಲೇಬೇಕು. ವಿಂಡೋಸ್‌ನದೇ ಪ್ಲೇಯರ್ ಎಚ್‌ಇವಿಸಿ ವಿಡಿಯೊ ಕಂಡಾಗ ಎಕ್ಸ್‌ಟೆನ್ಷನ್ ಎಂಬ ಹೆಚ್ಚುವರಿ ಭಾಗ ಕೇಳುವುದುಂಟು, ಅದಕ್ಕೆ ದುಡ್ಡೂ ಇದೆ. ಅದು ಅಸಲಿ ಸಂದೇಶ, ಆದರೆ ತೆರೆದುಕೊಳ್ಳುವುದು ಮೈಕ್ರೋಸಾಫ್ಟ್ ಸ್ಟೋರ್ ಆ್ಯಪ್. ಬ್ರೌಸರಿನಲ್ಲಿ ಪುಟ ತೆರೆದು ಇಎಕ್ಸ್‌ಇ ಫೈಲ್, ಅಂದರೆ ಪ್ರೋಗ್ರಾಂ, ಇಳಿಯತೊಡಗಿದರೆ ಅಲ್ಲೇ ನಿಲ್ಲಿಸಿ.

ಫೈಲ್ ಮೇಲೆ ಸಂಶಯ ಬಂದರೆ ಮೊದಲು ಅದರ ಎಕ್ಸ್‌ಟೆನ್ಷನ್, ಅಂದರೆ ಹೆಸರಿನ ಕೊನೆಯ ಚುಕ್ಕೆಯ ನಂತರದ ಭಾಗ, ನೋಡಿ. ವಿಂಡೋಸ್ ಅದನ್ನು ತಾನಾಗಿ ಮುಚ್ಚಿಡುತ್ತದೆ. ಹಾಗಾಗಿ ಹೆಸರಿನಲ್ಲಿ ಎಂಪಿ4, ಅದರ ನಂತರ ಕೊನೆಯಲ್ಲಿ ಇಎಕ್ಸ್‌ಇ ಎಂದಿರುವ ಫೈಲ್ ಬರೀ ಎಂಪಿ4ನಂತೆ ಕಾಣುತ್ತದೆ. ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿ. ಇಎಕ್ಸ್‌ಇ, ಎಸ್‌ಸಿಆರ್ ಕಂಡರೆ, ಇಲ್ಲವೇ ಟೈಪ್ ಕಾಲಂನಲ್ಲಿ ‘ಶಾರ್ಟ್‌ಕಟ್’ ಎಂದಿದ್ದರೆ ತೆರೆಯದೆ ಅಳಿಸಿ. ಆಮೇಲೆ ಗಾತ್ರ. ಸೆಕೆಂಡಿಗೆ 2 ಮೆಗಾಬಿಟ್ ದರದ 2 ಗಂಟೆಯ ಸಿನಿಮಾ ಸುಮಾರು 1,800 ಎಂಬಿ ಆಗುತ್ತದೆ, 320 ಕಿಲೋಬಿಟ್‌ನ 4 ನಿಮಿಷದ ಹಾಡು ಸುಮಾರು 9.6 ಎಂಬಿ. ಇಡೀ ಸಿನಿಮಾ 3 ಎಂಬಿಯಲ್ಲಿ ಸಿಕ್ಕಿತೆಂದರೆ ಅದು ಸಿನಿಮಾ ಅಲ್ಲ. ಗಾತ್ರ ಸರಿಯಿದೆ ಎಂದಮಾತ್ರಕ್ಕೆ ಅಸಲಿ ಎನ್ನುವಂತೆಯೂ ಇಲ್ಲ, ಖಾಲಿ ದತ್ತಾಂಶ ತುಂಬಿ ಉಬ್ಬಿಸುವವರಿದ್ದಾರೆ. ಮೈಕ್ರೋಸಾಫ್ಟ್‌ನ ವಿಡಿಯೊ ಬಗೆಯಾದ ಡಬ್ಲ್ಯುಎಂವಿ ಫೈಲ್‌ಗಳ ಬಗ್ಗೆ ಹೆಚ್ಚು ಜಾಗ್ರತೆ ಬೇಕು. ಆ ಡಬ್ಬಿಯೊಳಗೆ ಪರವಾನಗಿ ಪಡೆಯುವ ತಾಣದ ವಿಳಾಸ ಹುದುಗಿಸಬಹುದಾದ್ದರಿಂದ ವಿಂಡೋಸ್ ಮೀಡಿಯಾ ಪ್ಲೇಯರ್‌ನಿಂದಲೇ ನಕಲಿ ಪುಟ ತೆರೆಸಿದ ಪ್ರಕರಣಗಳು ಹಳೆಯವು.

ಹಲವು ಕೋಡೆಕ್‌ಗಳನ್ನು ಒಟ್ಟಿಗೆ ಹಾಕುವ ಕೋಡೆಕ್ ಪ್ಯಾಕ್ ವೈರಸ್ ಇಲ್ಲದ್ದಾದರೂ ಬೇಡ. ಅವು ಡೈರೆಕ್ಟ್‌ಶೋ ಫಿಲ್ಟರ್‌ಗಳನ್ನು, ಅಂದರೆ ವಿಂಡೋಸ್ ವಿಡಿಯೊ ಬಿಡಿಸಲು ಬಳಸುವ ತುಣುಕುಗಳನ್ನು, ಇಡೀ ವ್ಯವಸ್ಥೆಗೆ ನೋಂದಾಯಿಸುತ್ತವೆ. ಎರಡು ಪ್ಯಾಕ್ ಸೇರಿದರೆ ಒಂದೇ ಬಗೆಯ ಫೈಲಿಗೆ ಎರಡು ಫಿಲ್ಟರ್ ಪೈಪೋಟಿಗೆ ನಿಲ್ಲುತ್ತವೆ. ಆಗ ಧ್ವನಿ ಮಾತ್ರ ಬರುವುದು, ಚಿತ್ರ ತಲೆಕೆಳಗಾಗುವುದು, ವಿಡಿಯೊ ಇರುವ ಫೋಲ್ಡರ್ ತೆರೆದೊಡನೆ ಎಕ್ಸ್‌ಪ್ಲೋರರ್ ಸ್ತಬ್ಧವಾಗುವುದು ಶುರುವಾಗುತ್ತದೆ.

ಒಳ್ಳೆಯ ಪ್ಲೇಯರ್‌ನ ಹೆಸರು ಗೊತ್ತಿದ್ದರೂ ಮೋಸಹೋಗುವ ಜಾಗ ಇನ್ನೊಂದಿದೆ, ಅದು ಸರ್ಚ್ ಫಲಿತಾಂಶದ ಮೇಲ್ತುದಿಯ ಜಾಹೀರಾತು. ವಿಎಲ್‌ಸಿ 1996ರಲ್ಲಿ ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ್ದು. 2001ರಿಂದ ಮುಕ್ತ ತಂತ್ರಾಂಶ. ಲಾಭಕ್ಕಲ್ಲದ ವಿಡಿಯೊಲ್ಯಾನ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಕಂಪ್ಯೂಟರಿಗೆ ಅದರ ‘ಪ್ರೊ’ ಆವೃತ್ತಿ ಎಂಬುದೇ ಇಲ್ಲ, ದುಡ್ಡು ಕೊಟ್ಟರೆ ಮಾತ್ರ ಎನ್ನುವ ಪುಟ ನಕಲಿ. ವಿಡಿಯೊಲ್ಯಾನ್ ಡಾಟ್ ಆರ್ಗ್ ಎಂದು ವಿಳಾಸವನ್ನು ನೀವೇ ಟೈಪ್ ಮಾಡಿ. ಇಳಿದ ಇನ್‌ಸ್ಟಾಲರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ಡಿಜಿಟಲ್ ಸಿಗ್ನೇಚರ್ಸ್ ನೋಡಿದರೆ ವಿಡಿಯೊಲ್ಯಾನ್ ಹೆಸರು ಕಾಣಬೇಕು.

ಅಧಿಕೃತ ತಾಣವೂ ಒಮ್ಮೊಮ್ಮೆ ಕೈಕೊಡುತ್ತದೆ. 2017ರ ಮೇ ತಿಂಗಳಲ್ಲಿ ವಿಡಿಯೊ ಪರಿವರ್ತಕ ಹ್ಯಾಂಡ್‌ಬ್ರೇಕ್‌ನ ಒಂದು ಮಿರರ್ (ಫೈಲ್‌ಗಳ ಪ್ರತಿ ಇಟ್ಟು ಹಂಚುವ) ಸರ್ವರಿಗೆ ನುಗ್ಗಿದವರು ಮ್ಯಾಕ್ ಆವೃತ್ತಿಯ ಜಾಗದಲ್ಲಿ ಪ್ರೋಟಾನ್ ಎಂಬ ಟ್ರೋಜನ್ (ಒಳ್ಳೆಯದರ ವೇಷದ ಕೆಟ್ಟ ಪ್ರೋಗ್ರಾಂ) ಇಟ್ಟಿದ್ದರು. ಅಂಥದ್ದನ್ನು ಹಿಡಿಯುವುದು ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಫೈಲ್‌ನ ಬೆರಳಚ್ಚಿನಂಥ ಅಕ್ಷರ-ಅಂಕಿಗಳ ಸಾಲು. ವಿಂಡೋಸ್‌ನ ಆದೇಶ ಟೈಪ್ ಮಾಡುವ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಆದೇಶ ಕೊಟ್ಟು ಬಂದ ಸಾಲನ್ನು ತಯಾರಕರು ಪ್ರಕಟಿಸಿದ ಸಾಲಿನ ಜೊತೆ ಹೋಲಿಸಿ. ಒಂದು ಅಕ್ಷರ ತಪ್ಪಿದರೂ ಇನ್‌ಸ್ಟಾಲ್ ಮಾಡಬೇಡಿ.

ಹಳೆಯದನ್ನು ಇಟ್ಟುಕೊಳ್ಳುವುದೂ ಅಪಾಯ. ಆ್ಯಪಲ್‌ನ ಪ್ಲೇಯರ್ ಕ್ವಿಕ್‌ಟೈಮ್‌ನ ವಿಂಡೋಸ್ ಆವೃತ್ತಿಗೆ 2016ರಿಂದ ದುರಸ್ತಿ ಇಲ್ಲ; ಇದ್ದರೆ ತೆಗೆಯಿರಿ. ಬ್ರೌಸರಿನಲ್ಲಿ ವಿಡಿಯೊ ತೋರಿಸುತ್ತಿದ್ದ ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು, ಈಗ ‘ಫ್ಲ್ಯಾಶ್ ಅಪ್‌ಡೇಟ್’ ಎನ್ನುವುದೆಲ್ಲ ಸುಳ್ಳು. 2017ರಲ್ಲಿ ಬರೀ ಸಬ್‌ಟೈಟಲ್ ಫೈಲ್‌ನಿಂದಲೇ ವಿಎಲ್‌ಸಿ, ಕೋಡಿ ಮುಂತಾದ ಪ್ಲೇಯರ್‌ಗಳ ಮೂಲಕ ಕಂಪ್ಯೂಟರ್ ವಶಪಡಿಸಿಕೊಳ್ಳಬಹುದೆಂದು ಚೆಕ್ ಪಾಯಿಂಟ್ ಎಂಬ ಭದ್ರತಾ ಕಂಪನಿಯ ಸಂಶೋಧಕರು ತೋರಿಸಿದ ಮೇಲೆ ತಯಾರಕರು ದೋಷ ತಿದ್ದಿದರು. ಅಪ್‌ಡೇಟ್ ಹಾಕಿಕೊಳ್ಳದವರಿಗೆ ಆ ತಿದ್ದುಪಡಿ ಸಿಗಲಿಲ್ಲ.

ಈಗಾಗಲೇ ನಕಲಿ ಇನ್‌ಸ್ಟಾಲರ್ ಓಡಿಸಿಬಿಟ್ಟಿದ್ದರೆ ತಕ್ಷಣ ಇಂಟರ್‌ನೆಟ್ ಕಡಿಯಿರಿ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದಂತೆ ಜೋಡಿಸಿ, ಆ ದಿನ ಸೇರಿದ್ದನ್ನೆಲ್ಲ ತೆಗೆಯಿರಿ. ಬ್ರೌಸರಿನ ಎಕ್ಸ್‌ಟೆನ್ಷನ್, ನೋಟಿಫಿಕೇಶನ್ ಅನುಮತಿ, ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿ ಮೂರನ್ನೂ ನೋಡಿ. ಆಮೇಲೆ ಮೈಕ್ರೋಸಾಫ್ಟ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಪಾಸ್‌ವರ್ಡ್‌ಗಳನ್ನು ಅದೇ ಕಂಪ್ಯೂಟರಿನಲ್ಲಿ ಬದಲಿಸಬೇಡಿ, ಬೇರೆ ಸಾಧನದಿಂದ ಬದಲಿಸಿ, ಇಮೇಲ್‌ನದ್ದು ಮೊದಲು. ಜೊತೆಗೆ ಎಲ್ಲ ಸಾಧನಗಳಿಂದ ಲಾಗೌಟ್ ಮಾಡುವ ಆಯ್ಕೆಯನ್ನೂ ಒತ್ತಿ, ಏಕೆಂದರೆ ಕದ್ದ ಕುಕಿ (ನೀವು ಲಾಗಿನ್ ಆಗಿದ್ದೀರೆಂದು ಬ್ರೌಸರ್ ಇಟ್ಟುಕೊಳ್ಳುವ ಗುರುತು) ಕೈಯಲ್ಲಿದ್ದವರಿಗೆ ಪಾಸ್‌ವರ್ಡ್ ಇಲ್ಲದೆಯೂ ನಿಮ್ಮ ಖಾತೆ ತೆರೆದುಕೊಳ್ಳಬಹುದು.