ಡ್ರೈವ್ ನಾಯ್ಸ್‌ಗೆ ಯಾವುದು ಸರಿ: ಶೀಲ್ಡ್ ಕ್ಲ್ಯಾಂಪಾ, ಫೆರೈಟಾ, ಫಿಲ್ಟರಾ?

ಮೋಟಾರ್ ನಿಂತಿದ್ದಾಗ ಪ್ರೆಶರ್ ರೀಡಿಂಗ್ ಸರಿಯಾಗೇ ಇರುತ್ತದೆ. ಮೋಟಾರ್ ವೇಗ ನಿಯಂತ್ರಿಸುವ ವಿಎಫ್‌ಡಿ ಡ್ರೈವ್ ಓಡಿದ ಕೂಡಲೇ ಸೆನ್ಸರ್ ಕಳಿಸುವ 4-20 ಮಿಲಿಆಂಪಿಯರ್ ಸಿಗ್ನಲ್ ಕುಣಿಯತೊಡಗುತ್ತದೆ. ಎಲ್ಲರೂ ಮೊದಲು ಸೆನ್ಸರ್ ಬದಲಾಯಿಸುತ್ತಾರೆ. ಆದರೆ ಈ ಗಲಾಟೆ, ಅಂದರೆ ವಿದ್ಯುತ್ ನಾಯ್ಸ್, ಹುಟ್ಟುವುದು ಅಲ್ಲಲ್ಲ, ಡ್ರೈವ್‌ನಿಂದ ಮೋಟಾರ್‌ಗೆ ಹೋಗುವ ಕೇಬಲ್‌ನಲ್ಲಿ. ಇಂಥ ಪ್ಯಾನೆಲ್‌ಗಳಲ್ಲಿ ನಾನು ಹಾಕಿ ನೋಡಿದ ಉಪಾಯಗಳ ಹೋಲಿಕೆ ಇದು.

ಅತಿ ಹೆಚ್ಚು ವ್ಯತ್ಯಾಸ ಕಂಡಿದ್ದು ಮೋಟಾರ್ ಕೇಬಲ್‌ನ ಶೀಲ್ಡ್ (ತಂತಿಗಳ ಸುತ್ತಲಿನ ಲೋಹದ ಹೊದಿಕೆ) ಕಟ್ಟುವ ರೀತಿಯಲ್ಲಿ. ಸಾಮಾನ್ಯವಾಗಿ ಶೀಲ್ಡನ್ನು ಹುರಿ ಮಾಡಿ, ಲಗ್ ಒತ್ತಿ, ಅರ್ತ್ ಬಾರ್‌ಗೆ ಬಿಗಿಯುತ್ತಾರೆ. ಮಲ್ಟಿಮೀಟರ್ ಹಿಡಿದರೆ ಸೊನ್ನೆ ಓಮ್ ತೋರಿಸುತ್ತದೆ, ಎಲ್ಲರಿಗೂ ಸಮಾಧಾನ. ಆದರೆ 10 ಸೆಂ.ಮೀ. ತಂತಿಗೆ ಸುಮಾರು 0.1 ಮೈಕ್ರೋಹೆನ್ರಿ ಇಂಡಕ್ಟನ್ಸ್ ಇರುತ್ತದೆ. 50 ಹರ್ಟ್ಸ್‌ನಲ್ಲಿ ಅದು ಲೆಕ್ಕಕ್ಕೇ ಇಲ್ಲ. 10 ಮೆಗಾಹರ್ಟ್ಸ್‌ನಲ್ಲಿ ಅದೇ ತಂತಿ 6 ಓಮ್‌ಗಿಂತ ಜಾಸ್ತಿ ತಡೆ ಒಡ್ಡುತ್ತದೆ. ಡ್ರೈವ್‌ನ ಐಜಿಬಿಟಿಗಳು (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳು) ಅಷ್ಟು ಚುರುಕಾಗಿ ಆನ್-ಆಫ್ ಆಗುವುದರಿಂದ ಮೆಗಾಹರ್ಟ್ಸ್ ಮಟ್ಟದ ನಾಯ್ಸ್ ಇದ್ದೇ ಇರುತ್ತದೆ. ಶೀಲ್ಡ್ ದಾರಿ ಬಿಡದಿದ್ದರೆ ಅದು ಕೇಬಲ್ ಟ್ರೇ, ಅರ್ತ್ ತಂತಿ, ಸೆನ್ಸರ್ ಕೇಬಲ್ ಹೀಗೆ ಸಿಕ್ಕಿದ ದಾರಿಯಲ್ಲಿ ಡ್ರೈವ್‌ಗೆ ವಾಪಸ್ ಬರುತ್ತದೆ.

ಅದೇ ಶೀಲ್ಡನ್ನು ಸುತ್ತಲೂ ಅಪ್ಪಿಕೊಳ್ಳುವ ಲೋಹದ ಕ್ಲ್ಯಾಂಪ್‌ನಿಂದ ಮೌಂಟಿಂಗ್ ಪ್ಲೇಟ್‌ಗೆ ಒತ್ತಿ, ಮೋಟಾರ್ ಕಡೆ ಇಎಮ್‌ಸಿ ಗ್ಲ್ಯಾಂಡ್ (ಶೀಲ್ಡನ್ನು ಸುತ್ತಲೂ ಹಿಡಿಯುವ ಲೋಹದ ಕೇಬಲ್ ಗ್ಲ್ಯಾಂಡ್) ಹಾಕಿದೆ. ರೀಡಿಂಗ್ ಶಾಂತವಾಯಿತು. ಒಂದು ಷರತ್ತು: ಪ್ಲೇಟ್‌ಗೆ ಪೇಂಟ್ ಇರಬಾರದು. ಜಿಂಕ್ ಲೇಪದ ಪ್ಲೇಟ್ ಆದರೆ ಒಳ್ಳೆಯದು, ಪೇಂಟ್ ಇದ್ದರೆ ಕ್ಲ್ಯಾಂಪ್ ಕೂರುವ ಜಾಗವನ್ನು ಕೆರೆಯಲೇಬೇಕು. ಪ್ಯಾನೆಲ್ ಬಾಗಿಲಿಗೂ ಹಸಿರು-ಹಳದಿ ತಂತಿಗಿಂತ ಅಗಲವಾದ ಹೆಣೆದ ಪಟ್ಟಿ ವಾಸಿ. ಸುರಕ್ಷತೆಯ ಅರ್ತ್ ತಂತಿಯನ್ನು ಮಾತ್ರ ತೆಗೆಯಬೇಡಿ, ಅದು ಬೇರೆಯದೇ ಕೆಲಸಕ್ಕೆ.

ಶೀಲ್ಡ್ ಒಂದು ಕಡೆ ಅರ್ತ್ ಮಾಡಬೇಕಾ, ಎರಡೂ ಕಡೆಯಾ? ಈ ಜಗಳ ಮುಗಿಯುವುದೇ ಇಲ್ಲ. ಮೋಟಾರ್ ಕೇಬಲ್‌ಗೆ ಎರಡೂ ಕಡೆ, ಇದರಲ್ಲಿ ನನಗೆ ಅನುಮಾನ ಇಲ್ಲ. ಅನಲಾಗ್ ಸಿಗ್ನಲ್‌ಗೆ ಒಂದು ಕಡೆ ಕಟ್ಟಿದರೆ 50 ಹರ್ಟ್ಸ್ ಗುಂಯ್‌ಗುಡುವುದು ತಪ್ಪುತ್ತದೆ, ಆದರೆ ಡ್ರೈವ್ ನಾಯ್ಸ್‌ಗೆ ರಕ್ಷಣೆ ಕಡಿಮೆ. ಎರಡೂ ತುದಿಯ ಅರ್ತ್ ಒಂದೇ ವೋಲ್ಟೇಜ್ ಮಟ್ಟದಲ್ಲಿದ್ದರೆ ನಾನು ಎರಡೂ ಕಡೆ ಕಟ್ಟುತ್ತೇನೆ.

ಫೆರೈಟ್ ರಿಂಗ್ (ನಾಯ್ಸ್ ತಡೆಯುವ ಕಾಂತೀಯ ಬಳೆ) ಹಾಕುವುದು ಸುಲಭ, ಎಷ್ಟೋ ಸಲ ಫಲ ಕೊಡುತ್ತದೆ. ಮೂರೂ ಫೇಸ್ ತಂತಿಗಳನ್ನು ಒಟ್ಟಿಗೇ ಅದರೊಳಗೆ ತೂರಿಸಬೇಕು. ಒಂದೊಂದಕ್ಕೆ ಬೇರೆ ಬೇರೆ ಹಾಕಿದರೆ ಲೋಡ್ ಕರೆಂಟ್‌ಗೇ ರಿಂಗ್ ಸ್ಯಾಚುರೇಟ್ ಆಗಿ, ನಾಯ್ಸ್ ತಡೆಯಲಾಗದೆ ಹೋಗುತ್ತದೆ. ಕ್ಲ್ಯಾಂಪ್ ಸರಿಯಿಲ್ಲದ ಪ್ಯಾನೆಲ್‌ನಲ್ಲಿ ರಿಂಗ್‌ಗಳನ್ನು ಪೋಣಿಸುತ್ತಾ ಹೋಗುವುದು ಸುಮ್ನೆ ದುಡ್ಡು ದಂಡ.

ಲೈನ್ ಫಿಲ್ಟರ್ ಬಗ್ಗೆ ನಿರೀಕ್ಷೆ ಜಾಸ್ತಿ, ಅಲ್ವಾ? ಅದು ತಡೆಯುವುದು ಸಪ್ಲೈ ಕಡೆಗೆ ಓಡುವ ನಾಯ್ಸನ್ನು. ಪಕ್ಕದ ಯಂತ್ರಗಳಿಗೆ ಅದರಿಂದ ಉಪಕಾರ, ನಿಮ್ಮದೇ ಸೆನ್ಸರ್‌ಗೆ ಅಷ್ಟಾಗಿ ಇಲ್ಲ. ಮೇಲಾಗಿ ಅರ್ತ್‌ಗೆ ಲೀಕೇಜ್ ಕರೆಂಟ್ ಹೆಚ್ಚಿ ಆರ್‌ಸಿಸಿಬಿ (ಲೀಕೇಜ್ ಕಂಡರೆ ಸಪ್ಲೈ ಕಡಿಯುವ ಬ್ರೇಕರ್) ಟ್ರಿಪ್ ಆಗಬಹುದು. ಫಿಲ್ಟರ್‌ನ ಒಳಬರುವ, ಹೊರಹೋಗುವ ತಂತಿಗಳನ್ನು ಒಂದೇ ಡಕ್ಟ್‌ನಲ್ಲಿ ಓಡಿಸಿದರೆ ನಾಯ್ಸ್ ಫಿಲ್ಟರನ್ನೇ ದಾಟಿಕೊಂಡು ಹೋಗುತ್ತದೆ.

ದೂರ ಇಡುವುದಕ್ಕೆ ಖರ್ಚಿಲ್ಲ. ಪವರ್ ಮತ್ತು ಸಿಗ್ನಲ್ ಕೇಬಲ್‌ಗಳ ನಡುವೆ 20 ಸೆಂ.ಮೀ. ಬಿಟ್ಟು, ದಾಟಲೇಬೇಕಾದಲ್ಲಿ 90 ಡಿಗ್ರಿಯಲ್ಲಿ ದಾಟಿಸಿ. ಆದರೆ ಇದು ಡ್ರಾಯಿಂಗ್ ಹಂತದಲ್ಲೇ ಆಗಬೇಕು. ಡಕ್ಟ್ ತುಂಬಿದ ಮೇಲೆ ಯಾರೂ ಕೇಬಲ್ ಕೀಳುವುದಿಲ್ಲ.

ಸಿಗ್ನಲ್ ಓದಿ ಯಂತ್ರ ನಡೆಸುವ ಕಂಟ್ರೋಲರ್ ಆದ ಪಿಎಲ್‌ಸಿಯಲ್ಲಿ ಫಿಲ್ಟರ್ ಟೈಮ್ (ರೀಡಿಂಗನ್ನು ಸರಾಸರಿ ಮಾಡುವ ಅವಧಿ) ಹೆಚ್ಚಿಸುವುದು ಕೆಲವರ ಅಚ್ಚುಮೆಚ್ಚು. ನಿಧಾನವಾಗಿ ಏರುವ ಟ್ಯಾಂಕ್ ಲೆವೆಲ್‌ಗೆ ಪರವಾಗಿಲ್ಲ. ಪ್ರೆಶರ್ ಲೂಪ್‌ಗೆ ಮಾತ್ರ ಬೇಡ. ಅಲ್ಲಿ ರೀಡಿಂಗ್ ನಯವಾಗಿ ಕಾಣುತ್ತದೆ, ಆದರೆ ಪಂಪ್ ಯಾವಾಗಲೂ ತಡವಾಗಿ ಎಚ್ಚೆತ್ತುಕೊಳ್ಳುತ್ತದೆ.