ಕೆರೆಯಲ್ಲಿ ಗಾಳ ಹಾಕಿಸುವ ಬೆಳಗಿನ ಟ್ರಿಪ್: ಗೈಡ್ ಸೂಪರ್, ಬುಕಿಂಗ್ ಸುಮಾರು

ನೇರವಾಗಿ ಹೇಳಿಬಿಡುತ್ತೇನೆ. ತಲೆಗೆ 3,500 ರೂಪಾಯಿ ಕೊಡಬೇಕು, ಬೆಳಗಿನ ಜಾವ ನಾಲ್ಕೂವರೆಗೆ ಕೆಂಗೇರಿಯಲ್ಲಿ ನಿಂತಿರಬೇಕು, ಹಿಡಿದ ಮೀನನ್ನು ವಾಪಸ್ ನೀರಿಗೇ ಬಿಡಬೇಕು. ಇಷ್ಟಾದ ಮೇಲೂ ಆಸೆ ಇದ್ದರೆ ಮುಂದೆ ಓದಿ. ಮನೆಗೆ ಮೀನು ತರಲೇಬೇಕು ಅನ್ನುವವರು ಅದೇ ದುಡ್ಡು ತಗೊಂಡು ರಸೆಲ್ ಮಾರ್ಕೆಟ್‌ಗೆ ಹೋಗಿ, ಚೀಲ ತುಂಬಿಸಿಕೊಂಡು ಬರಬಹುದು.

ಟ್ರಿಪ್ ನಡೆಸುವವರ ಹೆಸರು ಹಾಕಿಲ್ಲ, ಕೆಳಗೆ ಒಂದೆರಡು ದೂರುಗಳೂ ಇವೆ, ಅದಕ್ಕೇ. ಕೆರೆಯ ಹೆಸರಂತೂ ಹೇಳುವುದೇ ಇಲ್ಲ. ಹೇಳಿದರೆ ಮುಂದಿನ ಭಾನುವಾರ ಅಲ್ಲಿ ಜಾತ್ರೆ ಆಗುತ್ತದೆ. ರಾಮನಗರದ ಕಡೆ ಅಂತ ಇಟ್ಟುಕೊಳ್ಳಿ, ಸಾಕು.

ಮೊದಲೆಲ್ಲ ಬೆಂಗಳೂರಿನವರಿಗೆ ಗಾಳ ಅಂದರೆ ಕಾವೇರಿ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಕ್ಯಾಂಪ್‌ಗಳಿಗೆ ವಿದೇಶದಿಂದಲೂ ಜನ ಮಹಶೀರ್ ಅನ್ನುವ ದೊಡ್ಡ ಹೊಳೆ ಮೀನು ಹಿಡಿಯಲು ಬರುತ್ತಿದ್ದರು. ಗಾಳಕ್ಕೆ ಏನು ಸಿಕ್ಕಿಸುತ್ತಿದ್ದರು ಗೊತ್ತಾ? ನಮ್ಮ ರಾಗಿ ಮುದ್ದೆಯ ಉಂಡೆ! ಆ ಜಾಗಗಳೆಲ್ಲ ವನ್ಯಜೀವಿ ಧಾಮದೊಳಗೆ ಇರುವುದರಿಂದ ಗಾಳ ಹಾಕುವುದು ನಿಂತುಹೋಯಿತು. ಅಲ್ಲಿನ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಈಗ ಈ ಹುಚ್ಚು ಇರುವವರು ಕೆರೆ, ಜಲಾಶಯಗಳ ಕಡೆ ತಿರುಗಿದ್ದಾರೆ.

ಹಾಗಂತ ಸಿಕ್ಕ ಸಿಕ್ಕ ಕೆರೆಗೆ ಗಾಳ ಹಾಕುವ ಹಾಗಿಲ್ಲ. ಮೀನುಗಾರಿಕೆ ಇಲಾಖೆ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುತ್ತದೆ. ಇದಕ್ಕೆ ಅಂತಲೇ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ಮರಿ ತಂದು ಬಿಟ್ಟವರು ಗುತ್ತಿಗೆದಾರರು, ಅವರನ್ನು ಕೇಳದೆ ಹಿಡಿದರೆ ಜಗಳ ಗ್ಯಾರಂಟಿ. ಈ ಟ್ರಿಪ್‌ನವರು ಗುತ್ತಿಗೆದಾರರ ಜೊತೆ ಮಾತಾಡಿಕೊಂಡಿದ್ದಾರೆ. ಅನುಮತಿ ಪತ್ರ ತೋರಿಸಿ ಅಂದಾಗ ಬೇಜಾರಿಲ್ಲದೆ ತೋರಿಸಿದರು. ನೀವು ಯಾರ ಜೊತೆ ಹೋದರೂ ಮೊದಲು ಇದನ್ನೇ ಕೇಳಿ.

ನಾನು, ಭಾವ, ಅಕ್ಕನ ಮಗ, ಮೂವರು ಹೋಗಿದ್ದೆವು. ಮೈಸೂರು ರಸ್ತೆ ಆ ಹೊತ್ತಿಗೆ ಖಾಲಿ, ಬೆಳಕು ಹರಿಯುವ ಮುಂಚೆಯೇ ಕೆರೆ ಏರಿ ಮೇಲಿದ್ದೆವು. ದೋಣಿ ಚೆನ್ನಾಗಿದೆ. ತಳ ಚಪ್ಪಟೆಯಾಗಿರುವ ಫೈಬರ್ ದೋಣಿ, ಎದ್ದು ನಿಂತರೂ ಜಾಸ್ತಿ ಅಲ್ಲಾಡುವುದಿಲ್ಲ. ಬ್ಯಾಟರಿ ಮೋಟಾರ್ ಆದ್ದರಿಂದ ಸದ್ದೂ ಇಲ್ಲ, ಹೊಗೆಯೂ ಇಲ್ಲ. ರಾಡ್, ರೀಲ್ ಎಲ್ಲ ಅವರದೇ. ರೀಲ್‌ಗಳಿಗೆ ಎಣ್ಣೆ ಬಿಟ್ಟು ಒರೆಸಿ ಇಟ್ಟಿದ್ದರು, ದಾರ ಹೊಸದು. ಬಾಡಿಗೆ ಸಾಮಾನು ಅಂದರೆ ತುಕ್ಕು ಹಿಡಿದಿರುತ್ತದೆ ಅಂದುಕೊಂಡಿದ್ದ ಭಾವ, ತಮ್ಮ ರಾಡ್ ಚೀಲವನ್ನು ಬಿಚ್ಚಲೇ ಇಲ್ಲ.

ಈ ಟ್ರಿಪ್‌ನ ಅಸಲಿ ಬಂಡವಾಳ ಅಂದರೆ ಗೈಡ್. ವಯಸ್ಸು ಐವತ್ತರ ಆಸುಪಾಸು. ಕೆರೆ ಪಕ್ಕದ ಊರಿನವರೇ, ಅಪ್ಪನ ಜೊತೆ ಹರಿಗೋಲಿನಲ್ಲಿ ಬಲೆ ಬಿಟ್ಟು ಬೆಳೆದವರು. ದೋಣಿ ಹತ್ತಿದ ಮೇಲೆ ಸ್ವಲ್ಪ ಹೊತ್ತು ಗಾಳವನ್ನು ಮುಟ್ಟುವುದಕ್ಕೂ ಬಿಡಲಿಲ್ಲ. ಸುಮ್ನೆ ನೀರು ನೋಡಿ ಅಂದರು. ಅಂತರಗಂಗೆ ಕಳೆ ಮುಗಿದು ತಾವರೆ ಎಲೆ ಶುರುವಾಗುವ ಕಡೆ ಒಂದು ಸಣ್ಣ ಗುಳುಕ್ ಸದ್ದು, ಅಂಗೈ ಅಗಲದ ಸುಳಿ. "ಅಗಾ, ಉಸ್ರು ತಗಂತು ನೋಡಿ ಸಾ." ಅದು ಕೊರವ ಮೀನು, ಮುರೆಲ್ ಅಂತಾರಲ್ಲ, ಅದು. ಕಿವಿರಿನಿಂದ ಉಸಿರಾಡುವುದು ಸಾಲದೆ ಆಗಾಗ ಮೇಲೆ ಬಂದು ಗಾಳಿಯನ್ನೂ ನುಂಗುವ ಮೀನು. ಹಾಗೆ ಬಂದಾಗಲೇ ತಾನಿರುವ ಜಾಗ ಬಿಟ್ಟುಕೊಡುತ್ತದೆ.

ಬೆಳಗ್ಗೆ ಬೆಳಗ್ಗೆಯೇ ಇದರ ಹಿಂದೆ ಬೀಳುವುದಕ್ಕೂ ಕಾರಣ ಇದೆ. ರಾತ್ರಿಯಿಡೀ ನೀರಿನ ಗಿಡ, ಪಾಚಿಗಳೂ ಆಮ್ಲಜನಕ ಎಳೆದುಕೊಳ್ಳುತ್ತವೆ, ಬಿಸಿಲಿಲ್ಲದೆ ಹೊಸದಾಗಿ ತಯಾರಾಗುವುದಿಲ್ಲ. ಹಾಗಾಗಿ ಬೆಳಕು ಹರಿಯುವ ಹೊತ್ತಿಗೆ ನೀರಿನಲ್ಲಿ ಅದು ತೀರಾ ಕಡಿಮೆ ಇರುತ್ತದೆ, ಗೆಂಡೆ, ರೋಹು ಎಲ್ಲ ಮಂಕಾಗಿರುತ್ತವೆ. ಮೇಲಿನ ಗಾಳಿ ನುಂಗುವ ಕೊರವಕ್ಕೆ ಆ ಚಿಂತೆ ಇಲ್ಲ. ಮೊದಲು ಕೊರವ, ಬಿಸಿಲೇರಿದ ಮೇಲೆ ರೋಹು, ಕಾಟ್ಲಾದಂಥ ಗೆಂಡೆ ಜಾತಿ ಅಂತ ಗೈಡ್ ಲೆಕ್ಕ ಹಾಕುವುದು ಇದಕ್ಕೇ.

ಕೊರವಕ್ಕೆ ಆಸೆ ತೋರಿಸಲು ದಾರದ ತುದಿಗೆ ಕಟ್ಟುವುದು ರಬ್ಬರ್ ಕಪ್ಪೆ. ಕೊಕ್ಕೆ ಎರಡೂ ಕಪ್ಪೆಯ ಬೆನ್ನಿಗೆ ಅಂಟಿಕೊಂಡಿರುತ್ತವೆ, ಎಲೆ ಮೇಲೆ ಎಳೆದರೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಗೈಡ್ ಜೇಬಿನಿಂದ ಪುಟ್ಟ ಕತ್ತರಿ ತೆಗೆದು ಕಪ್ಪೆಯ ಹಿಂದಿನ ರಬ್ಬರ್ ಎಳೆಗಳಲ್ಲಿ ಒಂದು ಕಡೆಯದನ್ನು ಅರ್ಧ ಇಂಚು ಕತ್ತರಿಸಿ, ನೀರಿಗೆ ಬಿಟ್ಟು ನೋಡಿ, ಮತ್ತೆ ಎತ್ತಿ ಇನ್ನಷ್ಟು ಕತ್ತರಿಸಿ, ಕೊನೆಗೆ ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಾಡಿಕೊಂಡು ಬರುವ ಹಾಗೆ ಮಾಡಿ ಕೊಟ್ಟರು. ಅಂಗಡಿಯಿಂದ ತಂದ ಹಾಗೇ ಬಿಟ್ಟರೆ ನೆಟ್ಟಗೆ ಬರುತ್ತದಂತೆ, ಮೀನು ತಿರುಗಿಯೂ ನೋಡಲ್ಲವಂತೆ.

ಅಕ್ಕನ ಮಗನ ಕಪ್ಪೆಗೆ ಮೊದಲು ಬಿತ್ತು ಹೊಡೆತ. ಎಲೆಗಳ ಮಧ್ಯೆ ನೀರು ಸಿಡಿಯಿತು, ಹುಡುಗ ತಕ್ಷಣ ರಾಡ್ ಎತ್ತಿದ, ಕಪ್ಪೆ ಹಾರಿ ಬಂದು ಭಾವನ ಟೋಪಿಗೆ ತಗುಲಿತು! ಗೈಡ್ ನಗಲಿಲ್ಲ. "ಈಗ್ಲೇ ಎಳೀಬ್ಯಾಡಿ ಸಾ, ಅದು ಬಾಯ್ ಮುಚ್ಲಿ, ದಾರ ಬಿಗಿಯಾಗ್ಲಿ, ಆಮ್ಯಾಕೆ ಎತ್ತಿ." ಹದಿನಾರು ವರ್ಷದ ಹುಡುಗನಿಗೂ ಸಾ ಅಂತಲೇ ಕರೆದರು. ಮುಂದಿನ ಸಲ ಅವನು ಕಾದ. ಸಿಕ್ಕಿತು, ಒಂದೂವರೆ ಕೆಜಿ ಇರಬಹುದು, ಹಾವಿನ ತಲೆ, ಹೊಟ್ಟೆ ಬೆಳ್ಳಗೆ, ಪಕ್ಕದಲ್ಲಿ ಕಪ್ಪು ಪಟ್ಟೆ.

ನನಗೆ ಈ ಮನುಷ್ಯನ ಮೇಲೆ ಗೌರವ ಬಂದಿದ್ದು ಆಮೇಲೆ. ಒಂದು ಕಡೆ ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಕಾಣಿಸಿತು, ಬೆಂಕಿಕಡ್ಡಿಗಿಂತ ಚಿಕ್ಕವು, ನೂರಾರು ಒಟ್ಟಿಗೆ ಕುದಿಯುತ್ತಿದ್ದವು. ಕೊರವ ಮರಿಗಳು. ತಾಯಿ, ತಂದೆ ಎರಡೂ ಕೆಳಗೇ ಕಾವಲಿರುತ್ತವೆ, ಹತ್ತಿರ ಏನೇ ಬಂದರೂ ಕೋಪಕ್ಕೆ ಕಚ್ಚುತ್ತವೆ. ಅಲ್ಲಿಗೆ ಕಪ್ಪೆ ಎಸೆದರೆ ಮೀನು ಸಿಕ್ಕಿದ ಹಾಗೇ. ಭಾವ ಆಸೆಯಿಂದ ರಾಡ್ ಎತ್ತಿದರು, ಗೈಡ್ ಏನೂ ಹೇಳದೆ ದೋಣಿ ತಿರುಗಿಸಿಬಿಟ್ಟರು. ದುಡ್ಡು ಕೊಟ್ಟ ಗಿರಾಕಿ ಎದುರಿಗೇ ಕೂತಿರುವಾಗ ಹಾಗೆ ಮಾಡುವುದು ಸುಲಭ ಅಲ್ಲ. ದೊಡ್ಡ ಮೀನು ತೆಗೆದರೆ ಮರಿಗಳನ್ನೆಲ್ಲ ಬೇರೆ ಮೀನು ತಿಂದು ಹಾಕುತ್ತವೆ ಅಂತ ಆಮೇಲೆ ವಿವರಿಸಿದರು.

ಮೀನು ಹಿಡಿದುಕೊಳ್ಳುವುದಕ್ಕೂ ಅವರದೇ ಶಿಸ್ತು. ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು, ಒಣ ಕೈಯಲ್ಲಿ ಮುಟ್ಟಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಆಮೇಲೆ ಹುಣ್ಣಾಗುತ್ತದೆ. ಒಂದು ಫೋಟೋ, ಅಷ್ಟೇ. ಆದರೆ ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಮಾತ್ರ ವಾಪಸ್ ಬಿಡುವುದಿಲ್ಲ. ಅದನ್ನು ಸಾಕುವುದನ್ನು ಸರ್ಕಾರ 2000ದಲ್ಲೇ ನಿಷೇಧಿಸಿದರೂ ಎಲ್ಲ ಕೆರೆಗೂ ನುಗ್ಗಿದೆ, ನಮ್ಮ ಮೀನುಗಳನ್ನು ನುಂಗಿ ಹಾಕುತ್ತದೆ.

ಎಂಟು ಗಂಟೆ ಮೇಲೆ ಗೆಂಡೆ ಕಡೆಗೆ ಬಂದೆವು. ಕಡಲೆಕಾಯಿ ಹಿಂಡಿ, ತೌಡು, ಬೇಯಿಸಿದ ರಾಗಿ ಹಿಟ್ಟು ಕಲಸಿ ಉಂಡೆ ಮಾಡಿ ಗಾಳಕ್ಕೆ ಮೆತ್ತುವುದು. ಇಲ್ಲೂ ಕಲಿಯುವುದಿದೆ. ಕಾಟ್ಲಾದ ಬಾಯಿ ಮೇಲ್ಮುಖವಾಗಿರುತ್ತದೆ, ನೀರಿನ ಮೇಲ್ಭಾಗದಲ್ಲಿ ತಿನ್ನುತ್ತದೆ. ರೋಹು ಮಧ್ಯದಲ್ಲಿ, ಮೃಗಾಲ್ ತಳದಲ್ಲಿ. ಗಾಳ ಎಷ್ಟು ಆಳಕ್ಕೆ ಬಿಡಬೇಕು ಅನ್ನುವುದು ಇದರ ಮೇಲೇ ನಿಂತಿದೆ. ನಮಗೆ ಸಿಕ್ಕಿದ್ದು ಒಂದು ರೋಹು, ಮಿಕ್ಕಿದ್ದೆಲ್ಲ ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಜಿಲೇಬಿ ಕಾಟ ಜಾಸ್ತಿ, ಉಂಡೆ ನೀರಿಗೆ ಬಿದ್ದ ತಕ್ಷಣ ಕಿತ್ತು ಹಾಕುತ್ತವೆ.

ಈಗ ದೂರು. ಬುಕಿಂಗ್ ಮಾಡಿಕೊಳ್ಳುವ ಹುಡುಗನಿಗೂ ಈ ಗೈಡ್‌ಗೂ ಸಂಬಂಧವೇ ಇಲ್ಲವೇನೋ ಅನ್ನಿಸುತ್ತದೆ. ಜಾಹೀರಾತಿನಲ್ಲಿ "ಮೀನು ಗ್ಯಾರಂಟಿ" ಅಂತ ದೊಡ್ಡದಾಗಿ ಹಾಕಿದ್ದಾರೆ, ಗೈಡ್‌ಗೆ ಹೇಳಿದರೆ ಅವರೇ ತಲೆ ಚಚ್ಚಿಕೊಂಡರು. ಕಪ್ಪೆ ಕಳೆದುಹೋದರೆ ಒಂದಕ್ಕೆ 400 ರೂಪಾಯಿ ಅಂತ ಮೊದಲು ಹೇಳಲೇ ಇಲ್ಲ, ವಾಪಸ್ ಬಂದ ಮೇಲೆ ಬಿಲ್‌ನಲ್ಲಿ ಸೇರಿಸಿದ್ದರು. ಕಳೆದಿದ್ದಕ್ಕೆ ಕೊಡೋಣ, ಅದರಲ್ಲಿ ತಪ್ಪಿಲ್ಲ, ಆದರೆ ಮೊದಲೇ ಹೇಳಬೇಕು ಅಲ್ವಾ? ತಿಂಡಿಗೆ ಬಿಡದಿ ತಟ್ಟೆ ಇಡ್ಲಿ ಅಂದಿದ್ದರು, ತಂದಿದ್ದೂ ಅದನ್ನೇ, ಆದರೆ ಪಾರ್ಸೆಲ್ ಬಿಚ್ಚುವ ಹೊತ್ತಿಗೆ ಬೆಣ್ಣೆ ಗಟ್ಟಿಯಾಗಿತ್ತು.

ಇದೆಲ್ಲ ಸಹಿಸಬಹುದು. ಲೈಫ್ ಜಾಕೆಟ್ ವಿಷಯ ಹಾಗಲ್ಲ. ನನಗೆ ಕೊಟ್ಟಿದ್ದರಲ್ಲಿ ಒಂದು ಬಕಲ್ ಮುರಿದಿತ್ತು, ದಾರ ಕಟ್ಟಿದ್ದರು. ಕೇಳಿದ ಮೇಲೆ ಗಾಡಿಯಿಂದ ಬೇರೆ ತಂದರು, ಗಾಡಿಯಲ್ಲಿ ಇತ್ತು ಅಂದಮೇಲೆ ಮೊದಲೇ ಕೊಡಲು ಏನು ಕಷ್ಟ? ಕೆರೆ ತಳದಲ್ಲಿ ಹೂಳಿದೆ, ಕಳೆ ಇದೆ, ಈಜು ಬಂದರೂ ಕಾಲು ಸಿಕ್ಕಿಕೊಳ್ಳುತ್ತದೆ. ದೋಣಿ ಹತ್ತುವ ಮುಂಚೆ ಎಲ್ಲ ಬಕಲ್ ಹಾಕಿ ಎಳೆದು ನೋಡಿ. ಇನ್ನೊಂದು, ದಡದಲ್ಲಿ ಟಾಯ್ಲೆಟ್ ಇಲ್ಲ. ಹೆಂಗಸರು ಜೊತೆಗಿದ್ದರೆ ದಾರಿಯಲ್ಲೇ ಹೋಟೆಲ್ ಹತ್ತಿರ ಗಾಡಿ ನಿಲ್ಲಿಸಲು ಮೊದಲೇ ಹೇಳಿಡಿ, ಇವರಾಗಿ ನಿಲ್ಲಿಸುವುದಿಲ್ಲ.

ಕೊರವ ಬೇಕು ಅಂದರೆ ಮಾರ್ಚ್‌ನಿಂದ ಮೇ ಒಳಗೆ ಹೋಗಿ. ನೀರು ಬೆಚ್ಚಗಿದ್ದಷ್ಟೂ ಅದಕ್ಕೆ ಹುರುಪು, ಡಿಸೆಂಬರ್ ಚಳಿಯಲ್ಲಿ ಕಪ್ಪೆ ಮೂಗಿನ ಮುಂದೆ ಹೋದರೂ ಅಲ್ಲಾಡುವುದಿಲ್ಲ. ವಾರದ ದಿನ ಹೋದರೆ ತಲೆಗೆ 500 ಕಡಿಮೆ, ದಡದಲ್ಲಿ ಗಲಾಟೆಯೂ ಇರುವುದಿಲ್ಲ. ಗೈಡ್‌ಗಳು ಇಬ್ಬರಿದ್ದಾರಂತೆ. ಬುಕ್ ಮಾಡುವಾಗ "ವಯಸ್ಸಾದವರು, ಊರಿನವರು ಬೇಕು" ಅಂತ ಒತ್ತಿ ಹೇಳಿ, ಆ ದಿನ ಅವರು ಬರಲ್ಲ ಅಂದರೆ ಬೇರೆ ದಿನ ತಗೊಳ್ಳಿ.