ಪ್ಯಾರಿಸ್‌ನಲ್ಲಿ ಈಜಲು ಹೋಗುತ್ತೀರಾ? ಮೊದಲು ಚಡ್ಡಿ ನೋಡಿಕೊಳ್ಳಿ

ಬೇಸಿಗೆಯಲ್ಲಿ ಫ್ರಾನ್ಸಿಗೆ ಹೊರಟವರು, ಅದರಲ್ಲೂ ಮಕ್ಕಳನ್ನು ಕಟ್ಟಿಕೊಂಡು ಹೊರಟವರು, ಸೂಟ್‌ಕೇಸ್ ಮುಚ್ಚುವ ಮೊದಲು ಇದನ್ನೊಮ್ಮೆ ಓದಿಬಿಡಿ. ನಾವು ಪಟ್ಟ ಫಜೀತಿ ನಿಮಗೆ ಬೇಡ.

2025ರ ಜುಲೈ 1. ಪ್ಯಾರಿಸ್‌ನಲ್ಲಿರುವ ನನ್ನ ಮೈದುನನ ಮನೆಗೆ ಹೋಗಿ ಎರಡು ದಿನ ಆಗಿತ್ತಷ್ಟೆ. ಅವತ್ತು ಐಫೆಲ್ ಗೋಪುರದ ತುದಿಗೆ ಹತ್ತೋಣ ಅಂದುಕೊಂಡಿದ್ದೆವು. ಸೆಕೆ ಜಾಸ್ತಿ ಅಂತ ಆ ತುದಿಯನ್ನೇ ಮುಚ್ಚಿಬಿಟ್ಟಿದ್ದರು. 38 ಡಿಗ್ರಿ ದಾಟಿತ್ತು. ಮೈಸೂರಿನವರಿಗೆ ಇದೇನು ಮಹಾ ಅನ್ನಬೇಡಿ. ಮೈದುನನ ಮನೆ ಇರುವುದು ಆರನೇ ಮಹಡಿಯಲ್ಲಿ. ಮೇಲೆ ಸತುವಿನ ತಗಡಿನ ಚಾವಣಿ. ಏಸಿ ಹಾಗಿರಲಿ, ಒಂದು ಫ್ಯಾನೂ ಇಲ್ಲ. ಕಾದ ಹಂಚಿನ ಮೇಲಿನ ರೊಟ್ಟಿ ಆಗಿದ್ದೆವು ನಾವು. "ಅತ್ತಿಗೆ, ಹತ್ತಿರದಲ್ಲೇ ಬಯಲು ಈಜುಕೊಳ ಇದೆ, ಸರ್ಕಾರದ್ದು, ಟಿಕೆಟ್ ಕಮ್ಮಿ, ಹೋಗಿಬನ್ನಿ" ಅಂತ ಹೇಳಿ ಮೈದುನ ಆಫೀಸಿಗೆ ಹೋದ.

ನಮಗೇನು ಈಜುಕೊಳ ಹೊಸದಲ್ಲ. ಮೈಸೂರಿನಲ್ಲಿ ವಾರಕ್ಕೆ ಮೂರು ದಿನ ನೀರಿಗೆ ಬೀಳುವವಳು ನಾನು. ನೈಲಾನ್ ಬಟ್ಟೆ ಇರಬೇಕು, ಟೋಪಿ ಇರಬೇಕು ಅನ್ನುವುದು ನಮ್ಮಲ್ಲೂ ಇದೆ. ಪ್ರವಾಸಕ್ಕೆ ಅಂತಲೇ ಡೆಕಾಥ್ಲಾನ್‌ನಲ್ಲಿ ಮೂವರಿಗೂ ಹೊಸ ಬಟ್ಟೆ ಕೊಂಡಿದ್ದೆ. ನಮ್ಮವರಿಗೂ ಏಳು ವರ್ಷದ ಮಗನಿಗೂ ಮಂಡಿವರೆಗಿನ ಈಜು ಚಡ್ಡಿ. ನನಗೆ ಅರ್ಧ ತೋಳಿನ ಮೇಲಂಗಿ, ಕೆಳಗೆ ಕಾಲು ಮುಚ್ಚುವ ಲೆಗ್ಗಿಂಗ್ಸ್. ನಮ್ಮ ಕಡೆ ಹೆಚ್ಚಿನ ಹೆಂಗಸರು ಹಾಗೇ ಅಲ್ವಾ ಇಳಿಯುವುದು?

ಮುಕ್ಕಾಲು ಗಂಟೆ ಬಿಸಿಲಲ್ಲಿ ಸಾಲು ನಿಂತೆವು. ಕೌಂಟರ್‌ನಲ್ಲಿ ಕೂತ ಹುಡುಗಿ ಟಿಕೆಟ್ ಕೊಟ್ಟಳು, "ಬೋಂಜೂರ್" ಅಂದಳು, ಅಷ್ಟೆ. ಯಾವ ಬಟ್ಟೆ ತಂದಿದ್ದೀರಿ ಅಂತ ಕೇಳಲಿಲ್ಲ. ಒಳಗೆ ಬಟ್ಟೆ ಬದಲಿಸಿ, ಲಾಕರ್‌ಗೆ ಹಾಕಲು ಒಂದು ಯೂರೋ ನಾಣ್ಯಕ್ಕಾಗಿ ಯಾರ್‍ಯಾರನ್ನೋ ಬೇಡಿ, ಸೋಪು ಹಚ್ಚಿ ಸ್ನಾನ ಮಾಡಿ, ಪಾದ ಮುಳುಗುವ ಸಣ್ಣ ನೀರಿನ ತೊಟ್ಟಿ ದಾಟಿ ಹೊರಗೆ ಬಂದೆವು. ಎದುರಿಗೆ ನೀಲಿ ನೀರು. ಮಗ ಓಡಿದ.

ಸೀಟಿ ಊದಿತು.

ಲೈಫ್‌ಗಾರ್ಡ್ ಓಡಿ ಬಂದವನೇ ನಮ್ಮವರ ಚಡ್ಡಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿ, "ನೋ, ಮೊಸ್ಯೋ" ಅಂದ, ಅಂದರೆ ಬೇಡ ಸಾರ್ ಅಂತ. ಆಮೇಲೆ ನನ್ನ ಕಡೆ ತಿರುಗಿ, ತನ್ನ ತೋಳು, ತನ್ನ ಕಾಲು ಮುಟ್ಟಿಕೊಂಡು ತಲೆ ಅಲ್ಲಾಡಿಸಿದ. ಹಿಂದಿನ ಗೋಡೆಯ ಮೇಲೆ ಬೋರ್ಡ್ ಇತ್ತು. ಉದ್ದ ಚಡ್ಡಿಗೆ ಕೆಂಪು ಅಡ್ಡಗೆರೆ, ಅಂಗಿಗೆ ಕೆಂಪು ಅಡ್ಡಗೆರೆ, ಅಂಗೈಯಗಲದ ಬಿಗಿ ಚಡ್ಡಿಗೆ ಹಸಿರು ಗುರುತು. ಅದನ್ನು ಟಿಕೆಟ್ ಕೌಂಟರ್ ಮುಂದೆ ಹಾಕಲು ಏನಾಗಿತ್ತು ಇವರಿಗೆ? ಸುತ್ತ ಇನ್ನೂರು ಜನ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಬಹುಶಃ ಯಾರೂ ನೋಡುತ್ತಿರಲಿಲ್ಲ. ಆದರೂ ಮುಖ ಉರಿಯಿತು.

ಮೂಲೆಯಲ್ಲಿ ಒಂದು ಮಶೀನು. ರೈಲ್ವೆ ಸ್ಟೇಷನ್‌ನಲ್ಲಿ ಚಿಪ್ಸ್ ಮಾರುತ್ತಾರಲ್ಲ, ಥೇಟ್ ಹಾಗೇ. ಒಳಗೆ ಚಿಪ್ಸ್ ಬದಲು ಚಡ್ಡಿ ಮತ್ತು ಟೋಪಿ! ಮಗನ ಅಳತೆಯದು ಸಿಕ್ಕಿತು. ಎಂಟು ವರ್ಷದೊಳಗಿನ ಮಕ್ಕಳ ಜೊತೆ ಈಜುಬಟ್ಟೆ ತೊಟ್ಟ ದೊಡ್ಡವರು ಇರಲೇಬೇಕು ಅಂತ ಅದೇ ಬೋರ್ಡ್ ಹೇಳುತ್ತಿತ್ತು. ಹಾಗಾಗಿ ನಮ್ಮವರಿಗೂ ಒಂದು ಕೊಳ್ಳಬೇಕಾಯಿತು. ಅದನ್ನು ತೊಟ್ಟು ಬಂದಾಗ ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಗಂಟನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ನೀರಿನ ಅಂಚಿನವರೆಗೂ ಬಿಡಲಿಲ್ಲ. ಮೂವತ್ತು ಯೂರೋ ಅಲ್ಲೇ ಕರಗಿತು.

ನನ್ನ ಕಥೆ ಅಲ್ಲಿಗೇ ಮುಗಿಯಿತು. ಹೋಗಲಿ, ದಡದಲ್ಲಿ ಕೂತು ನೋಡುತ್ತೇನೆ ಅಂದೆ. ಮಾಮೂಲಿ ಬಟ್ಟೆಯಲ್ಲಿ ದಡದಲ್ಲಿ ಕೂರುವ ಹಾಗೂ ಇಲ್ಲವಂತೆ. ದುಡ್ಡು ವಾಪಸ್ ಕೇಳಿದೆ. ಭುಜ ಕುಣಿಸಿದರು. ಚೀಲಗಳನ್ನು ಹೊತ್ತು ಹೊರಗೆ ಬಂದು, ತಂತಿ ಬೇಲಿಗೆ ಮೂಗು ಒತ್ತಿ ನಿಂತೆ. ಒಳಗೆ ನೂರಾರು ಟೋಪಿ ತಲೆಗಳು. ಅದರಲ್ಲಿ ನನ್ನ ಮಗ ಯಾವುದು ಅಂತ ಗೊತ್ತಾಗಲು ಹತ್ತು ನಿಮಿಷ ಬೇಕಾಯಿತು.

ಸಂಜೆ ಮೈದುನ ತಲೆ ಚಚ್ಚಿಕೊಂಡ. ಅವನು ವಿವರಿಸಿದ ಮೇಲೆ ಸ್ವಲ್ಪ ಅರ್ಥವಾಯಿತು. ಉದ್ದ ಚಡ್ಡಿಯನ್ನು ಜನ ಇಡೀ ದಿನ ಬೀದಿಯಲ್ಲಿ ಹಾಕಿಕೊಂಡು ತಿರುಗಿ ಅದರಲ್ಲೇ ನೀರಿಗೆ ಇಳಿಯುತ್ತಾರೆ, ಕೊಳೆ ಬರುತ್ತದೆ ಅನ್ನುವುದು ಅವರ ವಾದ. ಚಡ್ಡಿ ವಿಷಯದಲ್ಲಿ ಒಪ್ಪುತ್ತೇನೆ. ಆದರೆ ನನ್ನದೂ ಅದೇ ನೈಲಾನ್, ಅಳತೆ ಬೇರೆ ಅಷ್ಟೆ. ಹೆಂಗಸರ ಮೈಮುಚ್ಚುವ ಈಜುಬಟ್ಟೆ ಅಲ್ಲಿ ದೊಡ್ಡ ರಾಜಕೀಯ. 2022ರಲ್ಲಿ ಗ್ರೆನೋಬ್ಲ್ ನಗರ ಅದಕ್ಕೆ ಅವಕಾಶ ಕೊಡಲು ಹೊರಟಾಗ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯವೇ ತಡೆಯಿತು. ರೆನ್ ನಗರದಲ್ಲಿ ಮಾತ್ರ 2018ರಿಂದಲೇ ಬಿಟ್ಟಿದ್ದಾರೆ. ಅಂದರೆ ಊರಿಂದ ಊರಿಗೆ ಲೆಕ್ಕ ಬೇರೆ. ಹೋಗುವ ಈಜುಕೊಳದ ನಿಯಮವನ್ನು ಹಿಂದಿನ ರಾತ್ರಿಯೇ ಅದರ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ. 'ಬೊನೆ' ಅಂದರೆ ಟೋಪಿ. 'ಶಾರ್ಟ್', 'ಬರ್ಮುಡಾ' ಅಂತ ಇದ್ದರೆ ಅದು ನಿಮ್ಮ ಚಡ್ಡಿಯನ್ನೇ ಬೇಡ ಅನ್ನುತ್ತಿದೆ ಅಂತ ತಿಳಿಯಿರಿ. ಬಿಗಿ ಚಡ್ಡಿಗಳನ್ನು ಊರಿಂದಲೇ ಒಯ್ಯಿರಿ, ಜೇಬಲ್ಲಿ ಒಂದು ಯೂರೋ ನಾಣ್ಯ ಇರಲಿ. ತಲೆಗೆ ಎಣ್ಣೆ ಹಚ್ಚಿಕೊಂಡು ಮಾತ್ರ ಹೋಗಬೇಡಿ, ಸ್ನಾನದ ಮನೆಯಲ್ಲೇ ಅರ್ಧ ದಿನ ಕಳೆಯುತ್ತದೆ.

ನನ್ನ ಬೇಸರ ನೋಡಲಾರದೆ ಮೈದುನ, "ಶನಿವಾರ ಸೇನ್ ನದಿಯನ್ನೇ ಈಜಲು ತೆರೆಯುತ್ತಾರೆ ಅತ್ತಿಗೆ, 1923ರಿಂದ ನಿಷೇಧ ಇತ್ತು, ಭಾನುವಾರ ನೋಡಿಕೊಂಡು ಬರೋಣ" ಅಂದ. ಶನಿವಾರ ತೆರೆದರು. ಮಳೆ ಬಂತು. ಮಳೆ ನೀರಿನ ಜೊತೆ ಚರಂಡಿ ಕೊಳೆಯೂ ನದಿಗೆ ಸೇರುತ್ತದೆ ಅಂತ ಭಾನುವಾರ ಮುಚ್ಚಿಬಿಟ್ಟರು.

ಡೆಕಾಥ್ಲಾನ್ ಫ್ರಾನ್ಸಿನದೇ ಕಂಪನಿ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಅಲ್ಲಿಂದ ಇಲ್ಲಿಗೆ ಬಂದ ಅಂಗಡಿಯಲ್ಲಿ ಕೊಂಡ ಬಟ್ಟೆ ಅಲ್ಲೇ ನಡೆಯಲಿಲ್ಲ ನೋಡಿ. ಊರಿಗೆ ಬಂದು ಸೂಟ್‌ಕೇಸ್ ಬಿಚ್ಚಿದಾಗ ನನ್ನ ಆ ಹೊಸ ಜೊತೆ ಮಡಿಕೆ ಕೆಡದೆ ಕೂತಿತ್ತು. ಮರುದಿನ ಬೆಳಿಗ್ಗೆ ಆರೂವರೆ ಬ್ಯಾಚಿಗೆ ಅದನ್ನೇ ತೊಟ್ಟು ನೀರಿಗೆ ಹಾರಿದೆ.